ಅಪ್ಪನ ಸ್ಪ್ಲೆಂಡರ್ ಮತ್ತು ಒಂದು ಅಗ್ಗದ ಟೈರು

2025ರ ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನ ಸ್ಪ್ಲೆಂಡರ್ ತೊಳೀತಾ ಕೂತಿದ್ದೆ. ಹಿಂದಿನ ಟೈರಿನ ನಡುಭಾಗದಲ್ಲಿ ಗೀರೇ ಇಲ್ಲ, ಬೋಳುತಲೆ ಥರ ಮಿಂಚ್ತಾ ಇದೆ.

“ಅಪ್ಪಾ, ಈ ಟೈರು ಬದಲಾಯಿಸ್ಬೇಕು.”

“ಇನ್ನೂ ಆರ್ ತಿಂಗ್ಳು ಬತ್ತದೆ ಬುಡ್ಲಾ. ಒಳಗಿನ್ ದಾರ ಕಾಣ್ಲಿ, ಆಮ್ಯಾಕ್ ನೋಡನ.”

ದಾರ ಕಾಣೋ ತನಕ ಓಡಿಸೋದು ನಮ್ಮ ಕಡೆಯ ಲೆಕ್ಕ. ಕಾನೂನಿನ ಲೆಕ್ಕ ಬೇರೆ. ದ್ವಿಚಕ್ರ ವಾಹನದ ಟೈರಿನ ಗೀರು ಕಡಿಮೆ ಅಂದ್ರೂ 0.8 ಮಿಲಿಮೀಟರ್ ಆಳ ಇರಬೇಕು. ಅಳೆಯೋಕೆ ಸ್ಕೇಲ್ ಏನೂ ಬೇಡ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ, ಅವು ಎಲ್ಲಿವೆ ಅಂತ ತೋರಿಸೋಕೆ ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತಲೋ, ಒಂದು ಪುಟ್ಟ ತ್ರಿಕೋನವೋ ಅಚ್ಚು ಹಾಕಿರ್ತಾರೆ. ರಬ್ಬರು ಆ ದಿಣ್ಣೆಯ ಮಟ್ಟಕ್ಕೆ ಇಳಿದರೆ ಟೈರಿನ ಕತೆ ಮುಗೀತು. ಅಪ್ಪನ ಟೈರಲ್ಲಿ ದಿಣ್ಣೆ ಹುಡುಕಿದರೆ ಅದೂ ಸವೆದುಹೋಗಿತ್ತು!

ಸರಿ, ನಾನೇ ತಂದುಕೊಡ್ತೀನಿ ಅಂದೆ. ಬೆಂಗಳೂರಿಗೆ ವಾಪಸ್ ಬಂದು ಮೂರು ರಾತ್ರಿ ಕೂತು ಓದಿದೆ. ಎಕ್ಸೆಲ್ ಶೀಟೂ ಮಾಡಿದೆ (ನಗಬೇಡಿ, ನಮ್ಮ ಜಾತಿಯೇ ಹಾಗೆ). ಬ್ರ್ಯಾಂಡ್, ಬೆಲೆ, ಹಿಡಿತ, ಬಾಳಿಕೆ ಅಂತ ನಾಲ್ಕು ಕಾಲಂ. ಓದ್ತಾ ಓದ್ತಾ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಟೈರಿನ ಬಗ್ಗೆ ಬರೆಯೋರೆಲ್ಲ ಘಾಟಿಯಲ್ಲಿ ಗಾಡಿ ಮಲಗಿಸಿ ತಿರುಗಿಸೋ ಹುಡುಗರು. ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು, ನಲವತ್ತರ ಮೇಲೆ ಹೋಗದ, ಮಾಗಡಿ ಸಂತೆಗೂ ರಾಮನಗರದ ಗೂಡಿನ ಮಾರ್ಕೆಟ್ಟಿಗೂ ಓಡಾಡೋ ಐವತ್ತೆಂಟು ವರ್ಷದ ರೈತನಿಗೆ ಯಾವ ಟೈರು ಒಳ್ಳೇದು ಅಂತ ಯಾರೂ ಬರೆದಿಲ್ಲ.

ಕೊನೆಗೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ನನ್ನ ಶೀಟಿನಲ್ಲಿ ಎರಡನೇ ಸ್ಥಾನದಲ್ಲಿದ್ದ ಟೈರೇ 350 ರೂಪಾಯಿ ಕಡಿಮೆಗೆ ಸಿಕ್ತು. ಅಂಗಡಿ ಮುಂದೆ ಹಗ್ಗಕ್ಕೆ ಹೂವಿನ ಹಾರದ ಥರ ಟೈರು ನೇತುಹಾಕಿದ್ರು, ಅದರಲ್ಲೇ ಒಂದನ್ನ ಇಳಿಸಿ ಕೊಟ್ಟ. ಒಳ್ಳೇ ಕಂಪನಿ, ಹೊಸ ಮಾಲು, ಕಡಿಮೆ ರೇಟು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೇ ತಿಂಗಳಲ್ಲಿ ಅಪ್ಪ ಬಿದ್ದರು.

ಗೂಡು ಸಾಮಾನ್ಯವಾಗಿ ಊರಿನ ನಾಲ್ಕೈದು ಮನೆಯವರು ಸೇರಿ ಟೆಂಪೋದಲ್ಲಿ ಹಾಕ್ತಾರೆ. ಆವತ್ತು ಟೆಂಪೋದಲ್ಲಿ ಜಾಗ ಸಾಲದೆ ಒಂದು ಚೀಲ ಉಳೀತು. ಮೂವತ್ತು ಕೆಜಿ ಇರಬಹುದು. ಗೂಡು ಮನೇಲಿ ಇಟ್ಟುಕೊಂಡು ಕೂರೋ ಮಾಲಲ್ಲ, ದಿನ ತಡವಾದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತೆ, ಆಮೇಲೆ ಆ ಗೂಡಿಂದ ನೂಲು ಸರಿಯಾಗಿ ಬಿಚ್ಚೋಕಾಗಲ್ಲ. ಅದಕ್ಕೆ ಅಪ್ಪ ಬೆಳಗ್ಗೆಯೇ ಗಾಡಿ ಮೇಲೆ ಕಟ್ಟಿಕೊಂಡು ಹರಾಜಿಗೆ ಹೊರಟಿದ್ದಾರೆ. ರಾತ್ರಿ ವರ್ಷದ ಮೊದಲ ಮಳೆ ಹನಿದಿತ್ತು. ರಾಮನಗರ ಇನ್ನೇನು ಹತ್ರ ಬಂತು ಅನ್ನೋವಾಗ ಒಂದು ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದು ಬ್ರೇಕ್ ಒತ್ತಿದ್ದಾರೆ, ಹಿಂದಿನ ಚಕ್ರ ಸರ್ರನೆ ಪಕ್ಕಕ್ಕೆ ಹೋಯ್ತಂತೆ.

ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಚೀಲ ಚರಂಡಿ ನೀರಿಗೆ ಬಿದ್ದು, ನೆಂದ ಗೂಡು ಅರ್ಧ ಬೆಲೆಗೆ ಹೋಯ್ತು. ನಾನು ಓಡಿ ಬಂದಾಗ ಅಪ್ಪ ಬ್ಯಾಂಡೇಜ್ ಕೈ ಇಟ್ಕೊಂಡು ಟೀ ಕುಡೀತಿದ್ರು. ಒಂದು ಮಾತು ಬಯ್ಯಲಿಲ್ಲ. ಅಮ್ಮ ಮಾತ್ರ, “ಹಳೇ ಟೈರಲ್ಲಿ ಒಂದ್ ದಿನಾನೂ ಬಿದ್ದಿರ್ನಿಲ್ಲ ಕಣಪ್ಪ” ಅಂದ್ರು. ಅಷ್ಟೇ ಸಾಕಿತ್ತು.

ಆವತ್ತು ಸಂಜೆ ಟಾರ್ಚ್ ಹಿಡ್ಕೊಂಡು ಗಾಡಿ ಮುಂದೆ ಕೂತು ಆ ಟೈರನ್ನ ಮೊದಲ ಸಲ ಸರಿಯಾಗಿ ಓದಿದೆ. ಪಕ್ಕದಲ್ಲಿ ಉದ್ದಕ್ಕೆ ಅಕ್ಷರ, ಅಂಕಿ. ಅದರ ಕೊನೆಗೆ ನಾಲ್ಕು ಅಂಕಿ: 4620. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದ್ರೆ 2020ನೇ ಇಸವಿಯ 46ನೇ ವಾರ ತಯಾರಾದ ಟೈರು. ನಾನು ಕೊಂಡಾಗಲೇ ಅದಕ್ಕೆ ನಾಲ್ಕು ವರ್ಷ ದಾಟಿತ್ತು. ಉಗುರು ಒತ್ತಿದರೆ ಒಳಗೆ ಹೋಗಲ್ಲ, ಗೀರುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು. ರಬ್ಬರು ತಣ್ಣಗೆ, ಕತ್ತಲಲ್ಲಿ ಇದ್ದರೆ ಒಂದೆರಡು ವರ್ಷಕ್ಕೆ ಏನೂ ಆಗಲ್ಲ. ಆದರೆ ಬಿಸಿಲಿಗೆ, ಗಾಳಿಗೆ ನೇತುಹಾಕಿದರೆ ಆಮ್ಲಜನಕ, ಓಝೋನ್ ಸೇರಿ ಗಟ್ಟಿ ಮಾಡಿಬಿಡುತ್ತವೆ. ಗಟ್ಟಿಯಾದ ರಬ್ಬರು ರಸ್ತೆಯ ಉಬ್ಬುತಗ್ಗಿಗೆ ಅಂಟಿಕೊಳ್ಳಲ್ಲ, ಒದ್ದೆ ರಸ್ತೆಯಲ್ಲಂತೂ ಜಾರುತ್ತೆ. ನನ್ನ ಎಕ್ಸೆಲ್ ಶೀಟಿನಲ್ಲಿ ತಾರೀಖಿಗೆ ಕಾಲಮ್ಮೇ ಇರಲಿಲ್ಲ.

ತಪ್ಪೆಲ್ಲ ಟೈರಿನದೇ ಅಂತಲೂ ಹೇಳಲ್ಲ. ಮೊದಲ ಮಳೆಗೆ ರಸ್ತೆ ಮೇಲಿನ ಧೂಳು, ಎಣ್ಣೆ ಎಲ್ಲ ಸೇರಿ ಪಾಯಸ ಆಗಿರುತ್ತೆ. ಹೊಸ ಟೈರಾಗಿದ್ರೂ ಜಾರಬಹುದಿತ್ತು. ಆದರೆ 350 ರೂಪಾಯಿ ಉಳಿಸಿದವನು ನಾನು, ಬಿದ್ದವರು ಅಪ್ಪ.

ಎರಡನೇ ಸಲ ರಾಮನಗರದಲ್ಲೇ ತಗೊಂಡೆ, ಅಪ್ಪನನ್ನೂ ಕರ್ಕೊಂಡು ಹೋಗಿದ್ದೆ. ಅಂಗಡಿಯವನು “ಯಾವ್ ಕಂಪ್ನಿ ಬೇಕು ಯಜಮಾನ್ರೇ?” ಅಂದ. “ವಿಕ್ರಾಂತ್ ಐತಾ?” ಅಂದ್ರು ಅಪ್ಪ. ಅಂಗಡಿಯವನು ನಕ್ಕ. ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲೇ ಜೆಕೆ ಟೈರ್ ಕೈಗೆ ಹೋಯ್ತು. ಅಪ್ಪನ ಕಾಲದಲ್ಲಿ ಟೈರು ಅಂದ್ರೆ ಅದೊಂದೇ ನಮ್ಮದು ಅನ್ನೋ ಅಭಿಮಾನ.

ಬ್ರ್ಯಾಂಡ್ ವಿಷಯ ನನಗೆ ಈಗ ಅಷ್ಟು ಮುಖ್ಯ ಅನ್ನಿಸಲ್ಲ. ಎಂಆರ್‌ಎಫ್, ಸಿಯಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ, ಜೆಕೆ ಯಾವುದಾದ್ರೂ ನಲವತ್ತರ ವೇಗಕ್ಕೆ ಧಾರಾಳ ಸಾಕು. ಟೈರಿನ ಮೇಲೆ ಪಿ ಅಂತ ಇದ್ರೆ ಗಂಟೆಗೆ 150 ಕಿಲೋಮೀಟರ್ ತಡೆಯುತ್ತೆ ಅಂತ ಅರ್ಥ, ಸ್ಪ್ಲೆಂಡರ್ ಇಳಿಜಾರಲ್ಲೂ ಅಷ್ಟು ಹೋಗಲ್ಲ :-) ಮೆತ್ತನೆ ರಬ್ಬರಿನ ದುಬಾರಿ ಟೈರು ಚೆನ್ನಾಗಿ ಹಿಡಿಯುತ್ತೆ ನಿಜ, ಆದ್ರೆ ಬೇಗ ಸವೆಯುತ್ತೆ. ಸವೆದ ಮೇಲೆ ಅಪ್ಪ ಮತ್ತೆ ದಾರ ಕಾಣೋ ತನಕ ಕಾಯ್ತಾರೆ.

ನೋಡಬೇಕಾದ್ದು ತೂಕದ ಅಂಕಿ. ಅಪ್ಪನದು ಹಳೇ ಗಾಡಿ, ಕಡ್ಡಿ ಚಕ್ರ, 2.75-18 ಅಳತೆ. ಅದೇ ಅಳತೆಯಲ್ಲಿ 42 ಅಂತ ಇರೋದು 150 ಕೆಜಿ ಹೊರುತ್ತೆ, 48 ಅಂತ ಇರೋದು 180 ಕೆಜಿ. ಮೊದಲನೇದು ಮುಂದಕ್ಕೆ, ಎರಡನೇದು ಹಿಂದಕ್ಕೆ. ಹಾಲು, ಗೂಡು, ಹಿಪ್ಪುನೇರಳೆ ಸೊಪ್ಪಿನ ಹೊರೆ ಎಲ್ಲ ಬೀಳೋದು ಹಿಂದಿನ ಚಕ್ರದ ಮೇಲೆ ತಾನೇ. ಅಂಗಡಿಯವನು “3.00 ಹಾಕ್ಸಿ ಸಾರ್, ದಪ್ಪ ಕಾಣುತ್ತೆ” ಅಂದ. ನಮ್ಮ ಕಡೆ ಬಹಳ ಜನ ಹಾಕಿಸ್ತಾರೆ ಕೂಡ. ಬೇಡ ಅಂದೆ. ಅಳತೆ ಕಂಪನಿ ಹೇಳಿದ್ದೇ ಇರಲಿ.

ಟ್ಯೂಬ್‌ಲೆಸ್ ಆಸೆ ನನಗಿತ್ತು. ಸರ್ವಿಸ್ ರೋಡಲ್ಲಿ ಓಡಾಡೋರಿಗೆ ಗೊತ್ತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶ ಇಲ್ಲ, ಹಾಗಾಗಿ ಬಿಡದಿ, ರಾಮನಗರ, ಚನ್ನಪಟ್ಟಣದ ಕಡೆ ನಾವೆಲ್ಲ ಓಡಿಸೋದು ಪಕ್ಕದ ರಸ್ತೆಯಲ್ಲಿ, ಮೊಳೆ, ಗಾಜು, ತಂತಿ ಎಲ್ಲ ಗುಡಿಸಿಬಂದು ಸೇರೋ ಜಾಗದಲ್ಲಿ. ನನ್ನ ಬೈಕಿಗೆ ಟ್ಯೂಬ್‌ಲೆಸ್ ಇದೆ. ಮೊಳೆ ಹೊಕ್ಕರೂ ಗಾಳಿ ನಿಧಾನಕ್ಕೆ ಇಳಿಯುತ್ತೆ, ಅಂಗಡಿ ಸಿಗೋ ತನಕ ಬರಬಹುದು. ಆದರೆ ಕಡ್ಡಿ ಚಕ್ರದಲ್ಲಿ ಕಡ್ಡಿ ಕೂರೋ ತೂತುಗಳಿಂದ ಗಾಳಿ ಸೋರುತ್ತೆ, ಟ್ಯೂಬ್ ಬೇಕೇ ಬೇಕು. ಚನ್ನಪಟ್ಟಣದ ಮರದ ಆಟಿಕೆ ಗಾಡಿಯ ಚಕ್ರವೇ ವಾಸಿ, ಪಂಕ್ಚರ್ ಚಿಂತೆಯೇ ಇಲ್ಲ. ಕೊನೆಗೆ ಟೈರಿನ ಜೊತೆ ಟ್ಯೂಬೂ, ಒಳಗಿನ ರಿಮ್ ಟೇಪೂ ಹೊಸದೇ ಹಾಕಿಸಿದೆ. ಹಿಗ್ಗಿದ ಹಳೇ ಟ್ಯೂಬು ಹೊಸ ಟೈರೊಳಗೆ ಮಡಿಚಿಕೊಂಡು ಅಲ್ಲೇ ಹರಿಯುತ್ತೆ.

ತಾರೀಖು ನೋಡ್ಬೇಕು ಅಂದಾಗ ಅಂಗಡಿಯವನ ಮುಖ ಸ್ವಲ್ಪ ಸಣ್ಣಗಾಯ್ತು. ಮೊದಲು ತಂದ ಟೈರು ಎರಡು ವರ್ಷ ಹಳೇದು. ಇನ್ನೊಂದು ತಂದ, 0725. ಮೂರು ತಿಂಗಳ ಕೂಸು! ಟ್ಯೂಬ್ ಸೇರಿ 1,900 ರೂಪಾಯಿ. ಹಾಕುವಾಗ ಪಕ್ಕದಲ್ಲಿರೋ ಬಾಣದ ಗುರುತು ಚಕ್ರ ತಿರುಗೋ ಕಡೆಗೇ ಇದೆಯಾ ಅಂತಲೂ ನೋಡಿಕೊಂಡೆ. ಹೊಸ ಟೈರಿನ ಮೇಲೆ ಎಣ್ಣೆ ಹಚ್ಚಿದಂಥ ಮಿಂಚು ಇರುತ್ತೆ, ಅದು ಸವೆಯೋ ತನಕ, ಅಂದ್ರೆ ಮೊದಲ ನೂರಿನ್ನೂರು ಕಿಲೋಮೀಟರ್, ಜೋರಾಗಿ ಬ್ರೇಕ್ ಹಾಕ್ಬೇಡ ಅಂತ ಅಪ್ಪನಿಗೆ ಹೇಳಿದೆ. “ನಂಗೇ ಪಾಠ ಮಾಡ್ತೀಯಾ?” ಅಂತ ನೋಡಿದ್ರು.

ಗಾಳಿದೂ ಒಂದು ಕತೆ. ನಮ್ಮೂರ ಪಂಕ್ಚರ್ ಅಂಗಡಿಯಲ್ಲಿ ಗಾಡಿ ಯಾವುದೇ ಇರಲಿ, ಒಬ್ಬರೇ ಇರಲಿ ಮೂವರು ಇರಲಿ, ಒಂದೇ ಅಳತೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹಿಂದಿನ ಚಕ್ರಕ್ಕೆ ಎರಡು ಲೆಕ್ಕ ಇದೆ, ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಇನ್ನೊಂದು. ಹೊರೆ ಹಾಕಿದಾಗ ಎರಡನೇದು, ಖಾಲಿ ಬರುವಾಗ ಮೊದಲನೇದು. ಇದನ್ನ ಒಂದು ಸ್ಟಿಕ್ಕರ್ ಮೇಲೆ ಕನ್ನಡದಲ್ಲಿ ಬರೆದು ಟ್ಯಾಂಕಿಗೆ ಅಂಟಿಸಿದೀನಿ. ಅಪ್ಪ ನೋಡ್ತಾರೋ ಇಲ್ವೋ.

ಮುಂದಿನ ಟೈರನ್ನ ಅಕ್ಟೋಬರಿನಲ್ಲಿ ಬದಲಾಯಿಸಿದೆವು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. “ನಾಕ್ ತಿಂಗ್ಳು ತಡ್ದಿದ್ರೆ ಹಿಂದಿಂದೂ ಅಗ್ಗಕ್ಕೆ ಸಿಕ್ತಿತ್ತಲ್ಲೋ” ಅಂದ್ರು ಅಪ್ಪ. ಹೇಗಿದೆ ನೋಡಿ.

ಡಿಸೆಂಬರ್ ಕೊನೇಲಿ ಊರಿಗೆ ಹೋದಾಗ ಇಬ್ಬರೂ ಅದೇ ಗಾಡಿಯಲ್ಲಿ ಮಾಗಡಿಗೆ ಹೊರಟೆವು. ಒಕ್ಕಣೆ ಕಾಲ. ದಾರಿ ಉದ್ದಕ್ಕೂ ಟಾರ್ ರಸ್ತೆ ಮೇಲೆ ರಾಗಿ ತೆನೆ, ಹುರುಳಿ ಸೊಪ್ಪು ಹರಡಿದ್ರು, ಬರೋ ಹೋಗೋ ಲಾರಿ ಬಸ್ಸೇ ಅವರ ರೋಣಗಲ್ಲು. ಹುರುಳಿ ಹರಡಿದ್ದ ಕಡೆ ಅಪ್ಪ ಗಾಡಿ ನಿಲ್ಲಿಸಿದರು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಒಂದು ಸಲ ಉಜ್ಜಿಕೊಂಡರು.

“ಇಳ್ಕಳ್ಲಾ. ತಳ್ಕೊಂಡೋಗನ. ಇದ್ಕೆ ನಿನ್ ಟೈರೂ ಆಗಾಕಿಲ್ಲ.”

ಇಳಿದು ಹಿಂದೆ ಹಿಡ್ಕೊಂಡೆ. ಕಾಲಡಿ ಹುರುಳಿಕಾಯಿ ಚಟಚಟ ಅಂತಿತ್ತು.