ಕುದುರೆಮುಖಕ್ಕೆ ಮಾವನಿಗೊಂದು ಟಿಕೆಟ್

ಕುದುರೆಮುಖದ ತುದಿ ನೋಡಬೇಕು ಅನ್ನೋ ಆಸೆ ನಮಗಿಂತ ಹೆಚ್ಚು ಇದ್ದದ್ದು ಮಾವನಿಗೆ. ನಮ್ಮ ಮೂವರಲ್ಲಿ ಒಬ್ಬನಿಗೆ ಅವರು ಸೋದರಮಾವ. ಪತ್ರಿಕೋದ್ಯಮ ಓದುವಾಗ ರಜೆ ಬಂದರೆ ಸಾಕು, ಅವರ ಮನೆಗೇ ಹೋಗಿ ಬೀಳುತ್ತಿದ್ದೆವು. ಹಾಗಾಗಿ ಈಗ ಮೂವರಿಗೂ ಮಾವನೇ.

ಮನೆ ಇರುವುದು ಸಂಸೆ ಕಡೆ. ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ. ಟ್ರೆಕ್ಕಿಂಗ್ ಸೀಸನ್ನಿನಲ್ಲಿ ಹೋಮ್‌ಸ್ಟೇ ಒಂದರಲ್ಲಿ ಅಡುಗೆ. ಗುಡ್ಡ ಹತ್ತುವವರಿಗೆ ಬೆಳಗಿನ ಜಾವ ಎದ್ದು ಎಷ್ಟು ಬುತ್ತಿ ಕಟ್ಟಿದ್ದಾರೋ ಅವರಿಗೇ ಲೆಕ್ಕ ಇಲ್ಲ. ತಾವು ಮಾತ್ರ ತುದಿ ಮುಟ್ಟಿಲ್ಲ. ಹದಿನಾರು ವರ್ಷದವರಿದ್ದಾಗ ಕಳೆದುಹೋದ ದನ ಹುಡುಕುತ್ತಾ ಅರ್ಧ ಗುಡ್ಡ ಹತ್ತಿದ್ದರಂತೆ. ಮಂಜು ಮುಚ್ಚಿ ದಾರಿ ಕಾಣದೆ ವಾಪಸ್. ದನ ಅಷ್ಟರಲ್ಲಿ ತಾನೇ ಮನೆಗೆ ಬಂದಿತ್ತು.

ಆಗ ಯಾರ ಪರ್ಮಿಟ್ಟೂ ಬೇಕಿರಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಮಾವನಿಗೆ ಈಗ ಅರವತ್ತೊಂದು. "ಮಂಡಿ ಸರಿ ಇರೋವಾಗ್ಲೇ ಒಂದ್ಸಲ ಹೋಗಿ ಬರಬೇಕು ಮಾರಾಯ್ರೆ" ಅಂದರು. ಟಿಕೆಟ್ ಮಾಡಿಸುವ ಜವಾಬ್ದಾರಿ ನಾವು ಹೊತ್ತೆವು. ಓದಿದವರು ನಾವೇ ಅಲ್ಲವೇ!

ಈ ಆನ್‌ಲೈನ್ ಟಿಕೆಟ್ ಯಾಕೆ ಬಂತು ಅಂತ ನಿಮಗೂ ಗೊತ್ತಿರಬಹುದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ಬಂದರು. ಸುಬ್ರಹ್ಮಣ್ಯದ ಜಾತ್ರೆಯಂತೆ ಸಾಲುಗಟ್ಟಿ ನಿಂತ ವಿಡಿಯೋ ನಮ್ಮ ಫೋನಿಗೂ ಬಂದಿತ್ತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಅನ್ನೋ ಜಾಲತಾಣ ಬಂತು. ಒಂದು ಗುಡ್ಡಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿದರು.

ನಮಗೆ ಮೊದಲು ಸಿಟ್ಟು ಬಂದಿತ್ತು. ನಮ್ಮ ಗುಡ್ಡಕ್ಕೆ ನಾವು ಹೋಗಲು ಯಾರನ್ನು ಕೇಳಬೇಕು ಅನ್ನೋ ಸಿಟ್ಟು. ಆಮೇಲೆ ಕಾನೂನು ತೆಗೆದು ಓದಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಒಳಗೆ ಅನುಮತಿ ಪಡೆದು ವಾಸ ಇರುವವರು, ಒಳಗೆ ಜಮೀನಿನ ಹಕ್ಕು ಇರುವವರು, ಅವರನ್ನು ಅವಲಂಬಿಸಿದವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಕೆಲಸದ ಮೇಲಿರುವ ಸರ್ಕಾರಿ ನೌಕರರು ಪರ್ಮಿಟ್ ಇಲ್ಲದೆ ಓಡಾಡಬಹುದು. ಉಳಿದ ಎಲ್ಲರಿಗೂ ಪರ್ಮಿಟ್ ಬೇಕು. ಪರ್ಮಿಟ್ ಯಾವ ಕಾರಣಕ್ಕೆ ಕೊಡಬಹುದು ಅಂತ ಮುಂದಿನ ಸೆಕ್ಷನ್ ಹೇಳುತ್ತದೆ: ಅಧ್ಯಯನ, ಫೋಟೋ, ಸಂಶೋಧನೆ, ಪ್ರವಾಸ, ಒಳಗಿನವರ ಜತೆ ವ್ಯವಹಾರ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಮಾವನ ಮನೆ ಗಡಿಯಿಂದ ಆಚೆ. ಅಂದರೆ ಕಾಯ್ದೆಯ ಕಣ್ಣಿಗೆ ಮಾವನೂ ಒಂದೇ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೂ ಒಂದೇ. ಇಬ್ಬರೂ ಪ್ರವಾಸಿಗರು.

ಈ ಮಾತು ಮಾವನಿಗೆ ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಜನ ಹೆಚ್ಚಾದ್ರೆ ಹುಲ್ಲು ಹೋಗ್ತದೆ. ಹುಲ್ಲು ಹೋದ್ರೆ ನೀರು ಹೋಗ್ತದೆ" ಅಂದರು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಉದ್ಯಾನದಲ್ಲಿ. ಇಲ್ಲಿ ಕಬ್ಬಿಣದ ಗಣಿ ಇದ್ದ ಕಾಲ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ನಿಂತದ್ದು, ಎರಡನ್ನೂ ಅವರು ನೋಡಿದ್ದಾರೆ. ಆ ಕಥೆ ಇನ್ನೊಂದು ದಿನ ಬರೆಯಬೇಕು.

ನಮ್ಮ ಜತೆ ಓದಿದವನೊಬ್ಬನ ಅಣ್ಣ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಲ್ಲಿ ಮೌಂಟ್ ವಿಟ್ನಿ ಅನ್ನೋ ದೊಡ್ಡ ಪರ್ವತ ಇದೆ, ನಾಲ್ಕು ಸಾವಿರ ಮೀಟರಿಗಿಂತ ಎತ್ತರ. ಹತ್ತಬೇಕಾದರೆ ಫೆಬ್ರವರಿಯಲ್ಲೇ ಲಾಟರಿಗೆ ಅರ್ಜಿ ಹಾಕಬೇಕಂತೆ. ಒಂದೇ ದಿನದಲ್ಲಿ ಹತ್ತಿ ಇಳಿಯುವವರು ದಿನಕ್ಕೆ 100 ಜನ, ರಾತ್ರಿ ಉಳಿಯುವವರು 60 ಜನ, ಅಷ್ಟೇ. ಇನ್ನೊಂದು ನಿಯಮ ಕೇಳಿ ಮಾವ ವಾರವಿಡೀ ನಕ್ಕರು. ಮೇಲೆ ಹೋಗಿ ಕಕ್ಕಸು ಮಾಡಿದರೆ ಅದನ್ನೂ ಚೀಲದಲ್ಲಿ ಕಟ್ಟಿಕೊಂಡು ಕೆಳಗೆ ತರಬೇಕು! "ನಮ್ಮ ಬುತ್ತಿ ಚೀಲದ ಜತೆಗೆ ಅದೂ ಒಂದಾ?" ಅಂತ ಅತ್ತೆ ಅಡುಗೆಮನೆಯಿಂದಲೇ ಕೇಳಿದರು.

ಬುಕಿಂಗ್ ಮಾಡಿದ ದಿನದ ಪಾಡು ಹೇಳಬೇಕು. ಮಾವನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮೇಲಿನ ತೋಟದ ಹಲಸಿನ ಮರದ ಹತ್ತಿರ ಎರಡು ಕಡ್ಡಿ ಬರುತ್ತದೆ. ಅಲ್ಲಿ ನಿಂತು ದಿನಾಂಕ ಆರಿಸಿ, ಹೆಸರು ತುಂಬಿ, ಓಟಿಪಿಗೆ ಕಾಯಬೇಕು. ಓಟಿಪಿ ಬರುವಷ್ಟರಲ್ಲಿ ಪೇಜು ಹೋಗಿರುತ್ತದೆ. ಪೇಜು ಬಂದರೆ ಓಟಿಪಿಯ ಸಮಯ ಮುಗಿದಿರುತ್ತದೆ. ಮೊದಲು ನೋಡಿದ ಎರಡು ಶನಿವಾರ, ಭಾನುವಾರ ಆಗಲೇ ಭರ್ತಿ. ನಗರದಲ್ಲಿ ಕೂತವರು ಸೋಫಾದ ಮೇಲಿಂದಲೇ ಒತ್ತಿರುತ್ತಾರೆ, ನಾವು ಜಿಗಣೆ ಕೀಳುತ್ತಾ ಒತ್ತಬೇಕು. ಮಿತಿ ಇರಲಿ, ಅದು ಬೇಕು. ಆದರೆ ಗುಡ್ಡದ ಬುಡದ ಊರುಗಳಿಗೆ ಅಂತ ದಿನಕ್ಕೆ ಹತ್ತೋ ಇಪ್ಪತ್ತೋ ಟಿಕೆಟ್ ಪಕ್ಕಕ್ಕಿಟ್ಟು, ಪಂಚಾಯಿತಿಯಲ್ಲೇ ಕೊಡುವಂತೆ ಮಾಡಿದರೆ ಯಾವ ಹುಲ್ಲೂ ಹಾಳಾಗುವುದಿಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಅಂತೂ ನವೆಂಬರ್‌ನ ಒಂದು ಶುಕ್ರವಾರಕ್ಕೆ ನಾಲ್ಕು ಟಿಕೆಟ್ ಸಿಕ್ಕಿತು. ಖುಷಿಯಲ್ಲಿ ಮರದ ಕೆಳಗೇ ಕುಣಿದೆವು.

ಆ ದಿನ ಕತ್ತಲಿರುವಾಗಲೇ ಎದ್ದು ಬಾಳಿಗೆಯಿಂದ ಜೀಪ್ ಹತ್ತಿ ಮುಳ್ಳೋಡಿಗೆ ಬಂದೆವು. ಆ ದಾರಿಯಲ್ಲಿ ಜೀಪ್ ಕುಣಿಯುವ ಪರಿ ಹತ್ತಿದವರಿಗೇ ಗೊತ್ತು. ಮಾವ ಹೊಸ ಕ್ಯಾನ್ವಾಸ್ ಶೂ ಹಾಕಿದ್ದರು. ಅತ್ತೆ ಕೊಟ್ಟ ಕಡುಬು, ಚಟ್ನಿ ಬೆನ್ನಿಗಿತ್ತು.

ತಪಾಸಣೆಯಲ್ಲಿ ನಮ್ಮ ಮೂವರದ್ದು ಸರಿಯಾಯಿತು. ಮಾವನ ಆಧಾರ್ ಕೈಗೆ ತಗೊಂಡ ಸಿಬ್ಬಂದಿ ಟಿಕೆಟ್ ನೋಡಿದ, ಕಾರ್ಡ್ ನೋಡಿದ, ಮತ್ತೆ ಟಿಕೆಟ್ ನೋಡಿದ. "ಇದು ಇವರ ಹೆಸರಲ್ಲವಲ್ಲ?"

ಅಲ್ಲ. ಊರೆಲ್ಲ ಕರೆಯುವ ಹೆಸರೇ ಅವರ ಹೆಸರು ಅಂದುಕೊಂಡು ನಾವು ಅದನ್ನೇ ತುಂಬಿದ್ದೆವು. ಆಧಾರ್‌ನಲ್ಲಿ ಇರುವುದು ಜಾತಕದ ಹೆಸರು, ಅದರ ಮುಂದೆ ಮನೆಯ ಹೆಸರು. ಇಷ್ಟು ವರ್ಷ ಅವರ ಮನೆಯಲ್ಲಿ ಉಂಡ ನಮಗೆ ಅವರ ನಿಜವಾದ ಹೆಸರೇ ಗೊತ್ತಿರಲಿಲ್ಲ. ಕಾರ್ಡ್ ಒಮ್ಮೆ ಕೇಳಿ ನೋಡುವ ಬುದ್ಧಿಯೂ ಬರಲಿಲ್ಲ. ವರದಿ ಬರೆಯುವಾಗ ಹೆಸರು ಎರಡು ಸಲ ಖಚಿತ ಮಾಡಿಕೊಳ್ಳಿ ಅಂತ ನಮ್ಮ ಮೇಷ್ಟ್ರು ಮೂರು ವರ್ಷ ಹೇಳಿದ್ದರು.

ನಾವು ಗೋಗರೆದೆವು. ಪತ್ರಕರ್ತರು ಅಂತಲೂ ಹೇಳಿದೆವು, ಅದಕ್ಕೆ ಈಗ ನಾಚಿಕೆ ಆಗುತ್ತದೆ. ಆ ಹುಡುಗ ದನಿ ಏರಿಸಲಿಲ್ಲ. ಇವತ್ತು ಒಬ್ಬರನ್ನು ಬಿಟ್ಟರೆ ನಾಳೆ ಇನ್ನೊಬ್ಬರ ಟಿಕೆಟ್ ಹಿಡಿದು ಹತ್ತು ಜನ ಬರ್ತಾರೆ ಅಂದ. ಅದು ಸರಿಯೇ.

ಮಾವನೇ ನಮ್ಮನ್ನು ತಡೆದರು. "ಬಿಡ್ರೋ, ಅವನ ಕೆಲಸ ಅವನು ಮಾಡ್ತಿದಾನೆ. ನೀವು ಹೊರಡಿ, ಬಿಸಿಲೇರಿದ್ರೆ ಕಷ್ಟ." ಕಡುಬಿನ ಚೀಲ ನಮ್ಮ ಬೆನ್ನಿಗೇ ಹಾಕಿದರು. ತಿರುಗಿ ನೋಡಿದಾಗ ಜೀಪಿನವರ ಜತೆ ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದರು.

ಹೋಗಬಾರದಿತ್ತು ಅಂತ ನಮ್ಮಲ್ಲಿ ಒಬ್ಬ ದಾರಿಯುದ್ದಕ್ಕೂ ಹೇಳಿದ. ಆದರೂ ಹೋದೆವು. ಹೊಳೆ ದಾಟಿದ್ದು, ಶೋಲಾ ಕಾಡಿನ ಕತ್ತಲು, ಆಮೇಲೆ ಒಮ್ಮೆಲೇ ತೆರೆದುಕೊಳ್ಳುವ ಹುಲ್ಲಿನ ಬೋಳುಗುಡ್ಡ, ಇವನ್ನೆಲ್ಲ ಬರೆದವರು ಬಹಳ ಜನ ಇದ್ದಾರೆ. ತುದಿ ಮುಟ್ಟಿದಾಗ ಮಂಜು. ನಮ್ಮ ಕೈ ನಮಗೆ ಕಾಣುತ್ತಿತ್ತು, ಅಷ್ಟೇ. ಅಲ್ಲಿ ಕೂತು ಮಾವನ ಪಾಲಿನ ಕಡುಬನ್ನೂ ತಿಂದೆವು.

ಸಂಜೆ ಇಳಿದಾಗ ಮಾವ ಅದೇ ಕಟ್ಟೆಯ ಮೇಲಿದ್ದರು. ಮಧ್ಯಾಹ್ನ ಆ ಸಿಬ್ಬಂದಿ ತನ್ನ ಊಟದಲ್ಲೇ ಪಾಲು ಕೊಟ್ಟನಂತೆ.

"ಒಂಟಿಮರ ಇದೆಯಾ ಇನ್ನೂ?"

ಇದೆ ಅಂದೆವು.

"ಮೇಲೆ ಏನು ಕಂಡಿತು?"

ಮಂಜು ಅಂದೆವು. ಮಾವ ಜೋರಾಗಿ ನಕ್ಕರು. "ಹಾಗಾದ್ರೆ ನಲವತ್ತೈದು ವರ್ಷದ ಹಿಂದೆ ನಾನು ನೋಡಿದ್ದನ್ನೇ ನೀವೂ ನೋಡಿದ್ದು!"

ಜೀಪಿನಲ್ಲಿ ವಾಪಸ್ ಬರುವಾಗ ನಾವು ಯಾರೂ ಮಾತಾಡಲಿಲ್ಲ.

ಮತ್ತೆ ಹಲಸಿನ ಮರ, ಮತ್ತೆ ಓಟಿಪಿ. ಬೇಸಿಗೆ ಬಂದರೆ ಬೆಂಕಿಯ ಭಯಕ್ಕೆ ದಾರಿ ಮುಚ್ಚಿಬಿಡುತ್ತಾರೇನೋ ಅನ್ನೋ ಆತಂಕ ಬೇರೆ. ಮೊನ್ನೆ ಒಂದು ಬುಧವಾರಕ್ಕೆ ಟಿಕೆಟ್ ಸಿಕ್ಕಿದೆ. ಈ ಸಲ ಆಧಾರ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ತುಂಬಿದೆವು. ಅತ್ತೆ ಓದಿದರು, ಕಳಸದ ಸೈಬರ್‌ನಲ್ಲಿ ಪ್ರಿಂಟ್ ತೆಗೆದ ಹುಡುಗಿಯೂ ಓದಿದಳು. ಪ್ರಿಂಟು, ಕಾರ್ಡು ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋದ ಹಿಂದೆ ಇಟ್ಟಿದ್ದಾರೆ.

ನಮ್ಮಲ್ಲಿ ಇಬ್ಬರಿಗೆ ಆ ದಿನ ರಜೆ ಇಲ್ಲ. ಒಬ್ಬ ಮಾವನ ಜತೆ ಹೋಗುತ್ತಾನೆ. ಬುತ್ತಿ ಯಾರು ಕಟ್ಟುವುದು ಅಂತ ಅತ್ತೆಗೂ ಮಾವನಿಗೂ ಇನ್ನೂ ಜಗಳ ನಡೆದಿದೆ.