ಹೆಸರು ಬದಲಾದ ಡಿಸ್ಕು

ಮಂಗಳೂರು-ಹಾಸನ ರೈಲುಮಾರ್ಗದಲ್ಲಿ ಸಿಗುವ ಕೋಡಿಂಬಾಳ ಕಡಬ ತಾಲೂಕಿನ ಗ್ರಾಮ. ಅಲ್ಲಿಯ ತೋಟದ ಮನೆಯೊಂದರಲ್ಲಿ ಸಂಶೋಧನಾರ್ಥಿಯೊಬ್ಬ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಮೂರು ವರ್ಷಗಳಿಂದ ಕೂಡಿಸಿಟ್ಟಿದ್ದ. ಅವುಗಳಲ್ಲಿ ಕೆಲವು ಮೂಲಪ್ರತಿಗಳು ಆಮೇಲೆ ಗೆದ್ದಲಿನ ಪಾಲಾದವು. ಆ ಮಟ್ಟಿಗೆ ಚಿತ್ರವೇ ಮೂಲ. ಎಲ್ಲವೂ ಗಣಕದ ಎರಡನೆಯ ಡಿಸ್ಕಿನಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

ಮಳೆಗಾಲದ ಒಂದು ರಾತ್ರಿ ಆತ ಉಬುಂಟು 22.04 ಆವೃತ್ತಿಯನ್ನು 24.04ಕ್ಕೆ ಏರಿಸಿದ. ಮರಳಿ ಚಾಲನೆಗೊಂಡ ಯಂತ್ರ ಕಪ್ಪು ಪರದೆಯಲ್ಲಿ ನಿಂತು, ತುರ್ತು ಸ್ಥಿತಿಯನ್ನು ಸಾರಿತು. ಎಸ್‌ಡಿಬಿ1 ಎಂಬ ಭಾಗವನ್ನು ಜೋಡಿಸಲಾಗಲಿಲ್ಲ. ಕಡತವ್ಯವಸ್ಥೆಯ ಬಗೆ ತಪ್ಪು, ಆಯ್ಕೆ ತಪ್ಪು, ಸೂಪರ್‌ಬ್ಲಾಕ್ ಕೆಟ್ಟಿದೆ, ಅಥವಾ ಮತ್ತೇನೋ ದೋಷ ಎಂಬುದು ಅದರ ತಾತ್ಪರ್ಯ. ಫೋನಿನಲ್ಲಿ ಕೇಳಿದ ಗೆಳೆಯ, ಡಿಸ್ಕು ಹೋಗಿದೆ, ಫಾರ್ಮ್ಯಾಟ್ ಮಾಡು ಎಂದುಬಿಟ್ಟ.

ಹುಡುಗ ಮಾಡಲಿಲ್ಲ. ಪಾಠಾಂತರಗಳನ್ನು ನೋಡಿ ಪಳಗಿದ ಕಣ್ಣು 'ಅಥವಾ' ಎಂಬ ಪದದ ಮೇಲೆ ನಿಂತಿತು. ಯಂತ್ರ ತೀರ್ಪು ಕೊಟ್ಟಿರಲಿಲ್ಲ, ಸಾಧ್ಯತೆಗಳನ್ನಷ್ಟೇ ಹೇಳಿತ್ತು. ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟಾಗ ಎರಡು ಡಿಸ್ಕುಗಳೂ ಕಂಡವು, ಆದರೆ ಸ್ಥಾನ ಅದಲುಬದಲಾಗಿತ್ತು. ಚಿತ್ರಗಳ ಡಿಸ್ಕು ಈಗ ಎಸ್‌ಡಿಎ. ಎಸ್‌ಡಿಬಿ1 ಎಂಬ ಹೆಸರು ವ್ಯವಸ್ಥೆಯ ಡಿಸ್ಕಿನಲ್ಲಿ ಯಂತ್ರವನ್ನು ಎಬ್ಬಿಸುವ ಪುಟ್ಟ ಭಾಗಕ್ಕೆ ಹೋಗಿತ್ತು. ಅದು ಎಕ್ಸ್‌ಟಿ4 ಅಲ್ಲ; ಆದ್ದರಿಂದಲೇ ಬಗೆ ತಪ್ಪೆಂಬ ದೂರು.

ಲಿನಕ್ಸ್ ಈ ಹೆಸರುಗಳನ್ನು ಡಿಸ್ಕುಗಳು ಪತ್ತೆಯಾದ ಕ್ರಮದಲ್ಲಿ ಕೊಡುತ್ತದೆ. ಅವು ಸ್ಥಿರವೆಂಬ ಭರವಸೆ ಇಲ್ಲ. 2007ರ ಫೆಡೋರಾ 7ರಲ್ಲಂತೂ ಹಳೆಯ ಐಡಿಇ ಡಿಸ್ಕುಗಳ ಎಚ್‌ಡಿಎ ಎಂಬ ಹೆಸರೇ ಎಸ್‌ಡಿಎ ಎಂದಾಗಿ ಎಷ್ಟೋ ಜನ ಕಂಗೆಟ್ಟಿದ್ದರು. ಭಂಡಾರದ ಕಪಾಟು ಬದಲಾದರೆ ಓಲೆಕಟ್ಟಿನ ಮೇಲಿನ ಸಂಖ್ಯೆ ಸುಳ್ಳಾಗುತ್ತದೆ. ಗ್ರಂಥವನ್ನು ಆಗ ಗುರುತಿಸುವುದು ಆದಿಪದ್ಯ, ಪುಷ್ಪಿಕೆಗಳಿಂದ. ಡಿಸ್ಕಿನ ಪುಷ್ಪಿಕೆಯೆಂದರೆ ಯುಯುಐಡಿ, ಕಡತವ್ಯವಸ್ಥೆಯನ್ನು ಸೃಷ್ಟಿಸುವಾಗಲೇ ಅದರೊಳಗೆ ಬರೆದಿಡುವ 32 ಅಂಕಾಕ್ಷರಗಳ ಗುರುತು. (ಇಡೀ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿದರೆ ಇದೂ ನಕಲಾಗುತ್ತದೆ. ಮೂಲದ ಪುಷ್ಪಿಕೆಯನ್ನು ಕಾಲಸಮೇತ ಎತ್ತಿಕೊಂಡ ಲಿಪಿಕಾರರಿಂದ ಮೋಸಹೋದವರಿಗೆ ಇದು ಹೊಸತಲ್ಲ.)

ಬಿಎಲ್‌ಕೆಐಡಿ ಆಜ್ಞೆಯಿಂದ ಆ ಗುರುತನ್ನು ಪಡೆದು, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಎಸ್‌ಡಿಬಿ1 ಇದ್ದ ಕಡೆ ಬರೆದ. ಡಿಸ್ಕು ಸಿಗದಿದ್ದರೂ ಯಂತ್ರ ಏಳಲೆಂದು ನೋಫೇಲ್ ಸೇರಿಸಿದ. ಇದರಲ್ಲೊಂದು ಅಪಾಯವಿದೆ: ಡಿಸ್ಕು ಕೂಡಿಕೊಳ್ಳದ ದಿನ ಕಡತಕೋಶ ಬರಿದಾಗಿ ಕಾಣುತ್ತದೆ, ಮತ್ತು ಅಳಿಸುವಿಕೆಯನ್ನೂ ಅನುಸರಿಸುವಂತೆ ಹೊಂದಿಸಿದ ಬ್ಯಾಕಪ್ ತಂತ್ರಾಂಶ ಆ ಬರಿದನ್ನೇ ನಿಷ್ಠೆಯಿಂದ ನಕಲು ಮಾಡೀತು.

ಮರುಚಾಲನೆಗೆ ಮೊದಲು ಮೌಂಟ್ ಆಜ್ಞೆಯಿಂದ ಪರೀಕ್ಷಿಸಿದಾಗ ಚಿತ್ರಗಳೆಲ್ಲ ಇದ್ದವು. ಮರುದಿನ ಕಡಬಕ್ಕೆ ಹೋಗಿ ಹೊಸ ಡಿಸ್ಕು ತಂದು ಪ್ರತಿ ಮಾಡಿಟ್ಟ. ಎಫ್‌ಎಸ್‌ಟ್ಯಾಬಿನ ಹಳೆಯ ಸಾಲನ್ನು ಮಾತ್ರ ಅಳಿಸಿಲ್ಲ. ಯಂತ್ರ ಓದದಂತೆ ಮುಂದೆ ಹ್ಯಾಶ್ ಚಿಹ್ನೆಯಿಟ್ಟು, ಪಕ್ಕದಲ್ಲಿ ತಾರೀಕು ಬರೆದು, ತಿರಸ್ಕೃತ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವಂತೆ ಉಳಿಸಿಕೊಂಡಿದ್ದಾನೆ.