ಹಂದಿಗೆ ಯಾವ ತೋಟಾ?

ಶಿವಮೊಗ್ಗ ಪೇಟೆಯಲ್ಲಿದ್ದ ಸೋದರಮಾವನ ಕೋವಿ ಅಂಗಡಿಗೆ ನಾನು ಸೇರಿದ್ದು 1968ರಲ್ಲಿ. ಮಳೆ ಹಿಂದಾಗಿ ಭತ್ತ ಹಾಲುಗಟ್ಟುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಬೆಳೆಗಾರರು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಲೈಸೆನ್ಸ್ ಪುಸ್ತಕ. "ಹಂದಿಗೆ ಯಾವ ತೋಟಾ ಕೊಡ್ತೀರಿ ಮಾರಾಯ್ರೆ?" ಎಂದು ಕೇಳಿದರೆ ಮಾವ ಕೂಡಲೇ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ಕೋವಿ ಯಾವುದು? ಬಿಲ್ಲಿಗೆ, ಅಂದರೆ ಎಬ್ಬಿಸಿದ ಮಿಕ ಓಡಿಬರುವ ದಾರಿಯಲ್ಲಿ ಕಾದು, ನಿಲ್ಲುವುದೋ, ಗದ್ದೆಯಂಚಿನಲ್ಲಿ ಮರಸು ಕೂರುವುದೋ? ಕಾಡಂಚಿನಿಂದ ಎಷ್ಟು ದೂರ? ಗದ್ದೆಯ ಆಚೆ ಯಾರ ಮನೆ? ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಎಷ್ಟೇ ಪರಿಚಯದವರಾದರೂ ಬರಿಗೈಯಲ್ಲಿ ವಾಪಸು.

ಆಗ ಬರುತ್ತಿದ್ದವರಲ್ಲಿ ಬಹಳ ಜನರ ಹತ್ತಿರ ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿಮದ್ದು ಸುರಿದು, ನಾರು ತುರುಕಿ, ಗಜ ಹಾಕಿ ಜಡಿದು, ಗುಂಡೋ ಚರೆಯೋ ಇಳಿಸಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಇಡಬೇಕು. ಇಷ್ಟೆಲ್ಲ ಮಾಡಿ ಸಿಗುವುದು ಒಂದೇ ಈಡು. ಕೇಪಿಗೆ ತೇವ ಹತ್ತಿದರೆ ಅದೂ ಇಲ್ಲ. ಗಾಯಗೊಂಡ ಒಂಟಿಗ ಹಂದಿ ತಿರುಗಿಬಿದ್ದರೆ ಇನ್ನೊಮ್ಮೆ ಈಡು ತುಂಬಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಂದಿಯ ಕೋರೆಯಿಂದ ತೊಡೆ ಸೀಳಿಸಿಕೊಂಡು ಕುಂಟುತ್ತಿದ್ದ ಹಿರಿಯರು ಆಗ ಊರೂರಲ್ಲೂ ಇದ್ದರು. ಆದರೂ ನಾನು ಕಂಡ ಅತ್ಯಂತ ಎಚ್ಚರದ ಬೇಟೆಗಾರರು ಕೇಪಿನ ಕೋವಿಯವರೇ. ಒಂದೇ ಈಡು ಎಂದು ಗೊತ್ತಿದ್ದವನು ಹಳು ಅಲ್ಲಾಡಿತೆಂದು ಹೊಡೆಯುವುದಿಲ್ಲ. ಮಿಕ ಬಯಲಿಗೆ ಬಂದು ಪಕ್ಕೆ ಕೊಡುವವರೆಗೆ ಕಾಯುತ್ತಾನೆ.

ಸ್ವಲ್ಪ ಅನುಕೂಲಸ್ಥರು ತೋಟಾ ಕೋವಿ ಇಟ್ಟಿದ್ದರು. ಗ್ರೀನರ್ ಕಂಪನಿಯ ಒಂಟಿನಳಿಗೆ, ವೆಬ್ಲಿ ಸ್ಕಾಟ್ ಜೋಡುನಳಿಗೆ ಎಂದರೆ ಮನೆತನದ ಆಸ್ತಿ. ನಮ್ಮ ಸರ್ಕಾರಿ ಕಾರ್ಖಾನೆಯ ಹನ್ನೆರಡು ಬೋರಿನ ಕೋವಿಗಳೂ ಬರತೊಡಗಿದ್ದವು. ಹಳೇ ಕೋವಿ ತಂದವರ ನಳಿಗೆಯನ್ನು ಮಾವ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರೆ, ಅದರ ಮೇಲಿನ ಸುರುಳಿ ಚಿತ್ತಾರ ಎಷ್ಟೇ ಚೆಂದವಿದ್ದರೂ, ಹೊಗೆಯಿಲ್ಲದ ಮದ್ದಿನ ಹೊಸ ತೋಟಾ ಕೊಡುತ್ತಿರಲಿಲ್ಲ. ಅಂಥ ನಳಿಗೆಗಳು ಮಸಿಮದ್ದಿನ ಕಾಲಕ್ಕೆ ಮಾಡಿದವು. ಹೊಸ ಮದ್ದಿನ ಒತ್ತಡಕ್ಕೆ ಸೀಳಿ, ಹಿಡಿದವನ ಎಡಗೈ ಬೆರಳು ಹಾರಿಸಬಲ್ಲವು.

ಮಲೆನಾಡಿನ ಮಳೆ ತೋಟಾಗಳನ್ನೂ ಬಿಡುತ್ತಿರಲಿಲ್ಲ. ಇಂಗ್ಲೆಂಡಿನ ಈಲಿ ತೋಟಾ ಇರಲಿ, ಪುಣೆ ಹತ್ತಿರದ ಖಡ್ಕಿಯ ಶಕ್ತಿಮಾನ್ ಇರಲಿ, ಆಗ ಅವುಗಳ ಕವಚ ಕಾಗದದ್ದು. ಆಷಾಢದ ಥಂಡಿಗೆ ಉಬ್ಬಿಕೊಂಡು ನಳಿಗೆಯೊಳಕ್ಕೆ ಇಳಿಯುತ್ತಲೇ ಇರಲಿಲ್ಲ. ಕೆಲವರು ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವರು. ಅದು ಕಿವಿಗೆ ಬಿದ್ದರೆ ಮಾವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಕ್ಕಿಯೊಳಗೆ ಹೂತಿಡಿ ಎನ್ನುತ್ತಿದ್ದರು. ಮುಂದೆ ಪ್ಲಾಸ್ಟಿಕ್ ಕವಚದ ತೋಟಾ ಬಂದು ಆ ತಾಪತ್ರಯ ತಪ್ಪಿತು.

ಇನ್ನು ತೋಟಾದ ಆಯ್ಕೆ. ಬಲಿತ ಗಂಡು ಹಂದಿಯ ಭುಜದ ಚರ್ಮದಡಿ ದಪ್ಪನೆಯ ಗಟ್ಟಿ ಪದರವೊಂದು ಇರುತ್ತದೆ. ಗಂಡುಗಳು ಪರಸ್ಪರ ಕಾದಾಡುವಾಗ ಕೋರೆಯ ಏಟು ತಡೆಯಲು ಇರುವ ಗುರಾಣಿ ಅದು. ಸಣ್ಣ ಚರೆ ಅದನ್ನು ದಾಟುವುದಿಲ್ಲ. ಹಕ್ಕಿ ಹೊಡೆಯುವ ನಾಲ್ಕನೇ ನಂಬರನ್ನು ಹಂದಿಗೆ ಹಾರಿಸಿದರೆ ಅದು ಸಾಯುವುದಿಲ್ಲ. ಕೀವು ತುಂಬಿಕೊಂಡು ತಿಂಗಳುಗಟ್ಟಲೆ ನರಳುತ್ತದೆ. ಹಂದಿಗೆ ಎಲ್.ಜಿ. ಬೇಕು, ತಪ್ಪಿದರೆ ಎಸ್.ಜಿ. ಎಲ್.ಜಿ.ಯಲ್ಲಿ ಚರೆ ದೊಡ್ಡದು, ಸಂಖ್ಯೆ ಕಡಿಮೆ. ಮೂವತ್ತು ಗಜದೊಳಗೆ ಅದಕ್ಕೆ ಸಾಟಿಯಿಲ್ಲ, ನಲವತ್ತು ದಾಟಿದರೆ ಚರೆ ಚೆದುರಿ ಒಂದೋ ಎರಡೋ ತಾಗುತ್ತವೆ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಎಡ ನಳಿಗೆಯ ಬಾಯಿ ಹೆಚ್ಚು ಬಿಗಿ. ಅದಕ್ಕೆ ದುಂಡು ಗುಂಡಿನ ತೋಟಾ ಹಾಕಬೇಡಿ ಎಂದು ಮಾವ ಪ್ರತಿ ಸಲವೂ ಎಚ್ಚರಿಸುತ್ತಿದ್ದರು.

ಅವರು ಮಾಡಿಸುತ್ತಿದ್ದ ಇನ್ನೊಂದು ಕೆಲಸ ನನಗೆ ಬಹಳ ಮೆಚ್ಚಿಗೆಯಾಗಿತ್ತು. ಹೊಸದಾಗಿ ಕೋವಿ ಕೊಂಡವರು ಗಟ್ಟಿ ಧರೆಗೆ ಹಳೇ ದಿನಪತ್ರಿಕೆಯ ಹಾಳೆಗಳನ್ನು ಸಾಲಾಗಿ ಸಿಕ್ಕಿಸಿ, ಮೂವತ್ತು ಗಜದಿಂದ ಒಂದು ಎಲ್.ಜಿ. ಹೊಡೆದು, ಆ ಕಾಗದ ತಂದು ತೋರಿಸಬೇಕು. ತೂತುಗಳು ಎರಡು ಗೇಣಿನೊಳಗೆ ಕೂತಿದ್ದರೆ ಸರಿ. ಚೆದುರಿದ್ದರೆ, "ನಿಮ್ಮ ಕೋವಿಗೆ ಇಪ್ಪತ್ತೇ ಗಜ, ಅದಕ್ಕಿಂತ ದೂರದ ಹಂದಿ ನಿಮ್ಮದಲ್ಲ" ಎಂದುಬಿಡುತ್ತಿದ್ದರು. ಆಮೇಲೆ ಕಾಗದದ ಮೇಲೆಯೇ ಪೆನ್ಸಿಲಿನಿಂದ ಹಂದಿ ಬರೆದು, ಮುಂಗಾಲಿನ ಹಿಂದೆ, ಕೆಳಗಡೆ, ಗುಂಡಿಗೆಯ ಜಾಗ ಗುರುತು ಮಾಡುವರು. ಹಂದಿಯ ಗುಂಡಿಗೆ ನಾವೆಣಿಸುವುದಕ್ಕಿಂತ ಕೆಳಗಿದೆ, ಮುಂದಕ್ಕಿದೆ. ಬೆನ್ನಿನ ನೆಟ್ಟ ಕೂದಲು ನೋಡಿ ಎತ್ತರಕ್ಕೆ ಗುರಿಯಿಟ್ಟವರೆಲ್ಲ ಗಾಯ ಮಾತ್ರ ಮಾಡಿದರು.

ಎಪ್ಪತ್ತರ ದಶಕದಲ್ಲಿ ಕಾಫಿ ತೋಟದ ಕೆಲವರು ರೈಫಲ್ ಬೇಕೆನ್ನತೊಡಗಿದರು. ಮಿಲಿಟರಿಯ .303 ಸಾಮಾನ್ಯರಿಗೆ ನಿಷಿದ್ಧ. ಅದರ ಬದಲಿಗೆ ಇಷಾಪುರದ ಕಾರ್ಖಾನೆ, ಹೆಚ್ಚುಕಡಿಮೆ ಅದೇ ಮಾದರಿಯಲ್ಲಿ .315 ಮಾಡಿ ಕೊಡುತ್ತಿತ್ತು. ಅದರ ಮೆತ್ತನೆ ಮೂತಿಯ ಗುಂಡು 244 ಗ್ರೇನ್, ಅಂದರೆ ಸುಮಾರು ಹದಿನಾರು ಗ್ರಾಂ. ನೂರು ಗಜದಲ್ಲೂ ಹಂದಿಯನ್ನು ನಿಂತಲ್ಲೇ ಕೆಡವಬಲ್ಲದು. ರೈಫಲ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಯಲುಸೀಮೆಯ ಜೋಳದ ಹೊಲದಲ್ಲಿ, ಹಿಂದೆ ಮಣ್ಣಿನ ದಿಬ್ಬವಿದ್ದರೆ, ಅದಕ್ಕಿಂತ ಕನಿಕರದ ಆಯುಧ ಇನ್ನೊಂದಿಲ್ಲ. ಆದರೆ ಮಲೆನಾಡಿನ ಸೋವು, ಅಂದರೆ ಹಳು ಸೋವಿ ಮಿಕ ಎಬ್ಬಿಸುವ ಬೇಟೆ, ಬೇರೆ. ನಾಲ್ಕೂ ಕಡೆ ಬಿಲ್ಲಿನವರು ನಿಂತಿರುತ್ತಿದ್ದರು, ಹಳುವಿನೊಳಗೆ ಕೂಗುತ್ತ ಬರುವ ಜನ, ನಾಯಿಗಳು. ಎದುರಿಗೆ ಹತ್ತು ಮಾರು ಕಂಡರೆ ಹೆಚ್ಚು. ತಪ್ಪಿದ ರೈಫಲ್ ಗುಂಡು ಮೈಲಿಯಾಚೆಯ ಅಡಕೆ ಅಂಗಳದವರೆಗೂ ಹೋಗಬಲ್ಲದು. ರೈಫಲ್ ಲೈಸೆನ್ಸ್ ಇದ್ದವರಿಗೂ ಮಾವ ಸೋವಿಗೆ ಹನ್ನೆರಡು ಬೋರನ್ನೇ ಒಯ್ಯಿರಿ ಎನ್ನುತ್ತಿದ್ದರು. ಅಂಗಡಿ ನನ್ನ ಕೈಗೆ ಬಂದ ಮೇಲೂ ನಾನು ಅದನ್ನೇ ಹೇಳಿದೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸೋವು ನಿಂತಿತು. ನಿಲ್ಲಲೇಬೇಕಿತ್ತು; ಹಂದಿಯ ಹೆಸರಲ್ಲಿ ಕಡವೆ, ಕಾಡುಕುರಿಗಳೂ ಬೀಳುತ್ತಿದ್ದವು. ಬೆಳೆ ರಕ್ಷಣೆಯ ಲೈಸೆನ್ಸ್ ಮಾತ್ರ ಉಳಿಯಿತು. ಎಂಬತ್ತರ ದಶಕದಲ್ಲಿ ವಿದೇಶಿ ಕೋವಿಗಳ ಆಮದು ನಿಂತು ಹಳೆಯವುಗಳ ಬೆಲೆ ಬೆಳೆಗಾರರ ಕೈಗೆಟುಕದಂತಾಯಿತು. ಅದೇ ಹೊತ್ತಿಗೆ ಕಾಡಿನ ಸ್ವರೂಪವೂ ಬದಲಾಯಿತು. ಭದ್ರಾವತಿಯ ಕಾಗದದ ಕಾರ್ಖಾನೆಗೆಂದು ಬೆಳೆಸಿದ ಅಕೇಶಿಯಾ ತೋಪುಗಳು ಊರಿನ ಬೇಲಿಯವರೆಗೆ ಬಂದವು. ಬೇಸಾಯ ಬಿಟ್ಟ ಗದ್ದೆಗಳಲ್ಲಿ ಪೊದೆ ಬೆಳೆಯಿತು, ಹಂದಿಗೆ ಹಗಲು ಮಲಗಲು ದೂರದ ಕಾಡೇ ಬೇಡವಾಯಿತು. ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಭತ್ತ ತೆನೆಗಟ್ಟಿ ನಿಂತಾಗ ಪಂಚಾಯ್ತಿ ಚುನಾವಣೆ ಬಂದರೆ ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ. ಬೇಸತ್ತ ಎಷ್ಟೋ ಮನೆಯವರು ಲೈಸೆನ್ಸ್ ನವೀಕರಿಸುವುದನ್ನೇ ಬಿಟ್ಟರು.

ಕೋವಿ ಕಡಿಮೆಯಾದರೆ ಕೊಲ್ಲುವುದೂ ಕಡಿಮೆಯಾಗುತ್ತದೆಂದು ಪಟ್ಟಣದವರು ನಂಬಿದ್ದಾರೆ. ನಾನು ಕಂಡದ್ದು ಬೇರೆ. ಕೋವಿಯ ಜಾಗಕ್ಕೆ ಬೈಕಿನ ಕ್ಲಚ್ ವೈರಿನ ಉರುಳು ಬಂತು, ಬೇಲಿಗೆ ಕದ್ದು ಹರಿಸಿದ ಕರೆಂಟು ಬಂತು, ಹಿಟ್ಟಿನುಂಡೆಯೊಳಗಿನ ಸಿಡಿಮದ್ದು ಬಂತು. ಗುರಿಯಿಡುವವನಿಗೆ ಎದುರಿಗಿರುವುದು ಏನೆಂದು ಕಾಣುತ್ತದೆ. ಉರುಳಿಗೆ ಕಣ್ಣಿಲ್ಲ: ಹಂದಿಗೆ ಒಡ್ಡಿದ್ದರಲ್ಲಿ ಚಿರತೆ ಸೊಂಟಕ್ಕೆ ತಂತಿ ಬಿಗಿದು ಇಡೀ ದಿನ ಒದ್ದಾಡಿ ಸಾಯುತ್ತದೆ. ಸಿಡಿಮದ್ದು ಕಚ್ಚಿ ದವಡೆ ಕಳಚಿಹೋದ ಹಸುವನ್ನು ಗೆಳೆಯರೊಬ್ಬರ ಕೊಟ್ಟಿಗೆಯಲ್ಲಿ ನೋಡಿದ ಮೇಲೆ ಈ ವಿಷಯದಲ್ಲಿ ನನಗೆ ಸಮಾಧಾನದಿಂದ ಮಾತಾಡಲು ಆಗುವುದಿಲ್ಲ.

ಬೆಳೆ ಹಾಳುಮಾಡುವ ಹಂದಿಯನ್ನು ಅನುಮತಿ ಪಡೆದು ಹೊಡೆಯಲು ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ದಾರಿಯಿದೆ. ಕೇರಳ 2022ರಲ್ಲಿ ಆ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿ, ಲೈಸೆನ್ಸ್ ಇರುವ ಗುರಿಕಾರರನ್ನು ಕರೆಸುವ ವ್ಯವಸ್ಥೆ ಮಾಡಿತು. ನಮ್ಮಲ್ಲೂ ಅಂಥದ್ದು ಬರಲಿ ಎಂಬುದು ನನ್ನ ಆಸೆ. ಆದರೆ ಕೋವಿ ಇದ್ದವರನ್ನೆಲ್ಲ ಪಟ್ಟಿಗೆ ಸೇರಿಸಿದರೆ ಆಗದು. ಎಲ್.ಜಿ. ಯಾವುದು, ಎಸ್.ಜಿ. ಯಾವುದೆಂದು ಗೊತ್ತಿಲ್ಲದೆ ಅಪ್ಪನ ಕೋವಿ ಹಿಡಿದು ಬರುವ ಹುಡುಗರನ್ನು ಈಚಿನ ವರ್ಷಗಳಲ್ಲಿ ಬಹಳ ನೋಡಿದ್ದೇನೆ. ಪಟ್ಟಿಗೆ ಸೇರುವ ಪ್ರತಿಯೊಬ್ಬರೂ ಮೊದಲು ಮೂವತ್ತು ಗಜದಿಂದ ಕಾಗದಕ್ಕೆ ಹೊಡೆದು ತೋರಿಸಲಿ. ಯಾವ ತಾಲ್ಲೂಕಿನವರು ಕರೆದರೂ ಆ ತೂತುಗಳನ್ನು ನೋಡಿ ಹೇಳಲು ನಾನು ಹೋಗುತ್ತೇನೆ.